ಹಸಿರೋ, ಗುಲಾಬಿಯೋ? ಕೂಲಂಟ್ ಕೊಳ್ಳುವ ಮುನ್ನ

ಕಳೆದ ಸಂಚಿಕೆಯಲ್ಲಿ ಟೈರಿನ ಗಾಳಿಯ ಬಗ್ಗೆ ಬರೆದಿದ್ದೆ. ಬಂದ ಪತ್ರಗಳಲ್ಲಿ ಗಾಳಿಯ ವಿಚಾರ ಕಡಿಮೆ, ಕೂಲಂಟ್ ವಿಚಾರವೇ ಹೆಚ್ಚು. ಬೇಸಗೆ ರಜೆ ಬಂತು, ಊರಿಗೆ ಹೊರಡುವವರೆಲ್ಲ ಬಾನೆಟ್ ಎತ್ತಿ ನೋಡತೊಡಗಿದ್ದಾರೆ ಅಂತ ಕಾಣುತ್ತದೆ. ಠಾಣೆಯ ಓದುಗರೊಬ್ಬರು ಕೇಳುತ್ತಾರೆ: ‘ನನ್ನ ಗಾಡಿಯಲ್ಲಿರುವುದು ಗುಲಾಬಿ ಬಣ್ಣದ್ದು, ಅಂಗಡಿಯವ ಹಸಿರು ಕೊಟ್ಟ. ಹಾಕಬಹುದೇ?’ ಚೆನ್ನೈ ವೇಳಚೇರಿಯಿಂದ ಒಬ್ಬರದು ಇನ್ನೂ ಮೂಲಕ್ಕೇ ಕೈ ಹಾಕುವ ಪ್ರಶ್ನೆ: ‘ಡಬ್ಬದ ಮೇಲೆ ಆಂಟಿಫ್ರೀಜ್ ಅಂತ ಬರೆದಿದೆ. ಈ ಊರಲ್ಲಿ ಮನುಷ್ಯ ಕರಗುತ್ತಾನೆಯೇ ಹೊರತು ಹೆಪ್ಪುಗಟ್ಟುವುದಿಲ್ಲ. ನೀರು ಹಾಕಿದರೆ ಸಾಲದೇ?’ ದೆಹಲಿ ದ್ವಾರಕಾದ ದಂಪತಿ ಕಾರಿನಲ್ಲೇ ಲೇಹ್‌ಗೆ ಹೊರಟಿದ್ದಾರೆ. ಅವರಿಗೆ ಮಾತ್ರ ಆ ಹೆಸರಿನ ಮೇಲೆ ನಂಬಿಕೆ ಇದೆ.

ಮೊದಲು ಚೆನ್ನೈಯವರ ಪ್ರಶ್ನೆ. ಆಂಟಿಫ್ರೀಜ್ ಎನ್ನುವುದು ಚಳಿ ದೇಶದವರು ಇಟ್ಟ ಹೆಸರು. ಅವರಿಗಿದ್ದ ಭಯ ನೀರು ಮಂಜುಗಡ್ಡೆಯಾಗುವುದು. ನೀರು ಗಡ್ಡೆ ಕಟ್ಟುವಾಗ ಗಾತ್ರದಲ್ಲಿ ಶೇಕಡಾ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗುವಿಕೆಗೆ ಎಂಜಿನ್ನಿನ ಎರಕದ ಕಬ್ಬಿಣವೂ ಬಿರುಕು ಬಿಡುತ್ತದೆ. ಅದಕ್ಕೇ ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವ ಬೆರೆಸಿದರು. ಅರ್ಧಕ್ಕರ್ಧ ಬೆರೆಸಿದರೆ ಅದು ಹೆಪ್ಪುಗಟ್ಟಲು ಸೊನ್ನೆಗಿಂತ 37 ಡಿಗ್ರಿ ಕೆಳಗಿಳಿಯಬೇಕು. ಆದರೆ ಅದೇ ಮಿಶ್ರಣ ಕುದಿಯುವುದೂ ತಡ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿದರೆ ಇದು ಸುಮಾರು 107ಕ್ಕೆ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುವುದರಿಂದ, ಮುಚ್ಚಳ ಸರಿಯಿದ್ದರೆ ಕುದಿಯುವ ಬಿಂದು 125 ಡಿಗ್ರಿಯನ್ನೂ ದಾಟುತ್ತದೆ. ಎಂಜಿನ್ನಿನ ಥರ್ಮೋಸ್ಟಾಟ್ ತೆರೆದುಕೊಳ್ಳುವುದೇ 82ರಿಂದ 90 ಡಿಗ್ರಿಯ ಆಸುಪಾಸಿನಲ್ಲಿ. ಮೇ ತಿಂಗಳ ಟ್ರಾಫಿಕ್ಕಿನಲ್ಲಿ, ಎ.ಸಿ. ಹಾಕಿಕೊಂಡು, ನಾಲ್ಕು ಜನ ಕೂತು, ಮೇಲೆ ಲಗೇಜು ಹೇರಿಕೊಂಡ ಗಾಡಿಗೆ ಕುದಿಯುವುದಕ್ಕೂ ತನಗೂ ನಡುವೆ ಅಷ್ಟು ಅಂತರ ಬೇಕೇ ಬೇಕು.

ಇಷ್ಟಾದರೂ ಇದು ಅರ್ಧ ಉತ್ತರ ಮಾತ್ರ. ಕೂಲಂಟ್ ಮಾಡುವ ದೊಡ್ಡ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಅದು ಲೋಹವನ್ನು ತಿನ್ನದಂತೆ ನೀರನ್ನು ತಡೆಯುವುದು.

ಎಕ್ಸ್‌ಪ್ರೆಸ್‌ವೇ ಬರುವ ಮೊದಲು ಮುಂಬೈ-ಪುಣೆ ಹಳೇ ರಸ್ತೆಯಲ್ಲಿ ಓಡಾಡಿದವರಿಗೆ ಖಂಡಾಲ ಘಾಟಿನ ಆ ದೃಶ್ಯ ನೆನಪಿರುತ್ತದೆ. ಸಾಲಾಗಿ ನಿಂತ ಫಿಯಟ್ಟು, ಅಂಬಾಸಡರುಗಳು, ಎತ್ತಿದ ಬಾನೆಟ್ಟು, ಆವಿ, ಕೈಯಲ್ಲಿ ಕ್ಯಾನ್ ಹಿಡಿದು ನೀರು ಹುಡುಕುವ ಡ್ರೈವರು. ಆಗ ಬಾವಿ ನೀರು, ನಲ್ಲಿ ನೀರು, ತೊರೆ ನೀರು, ಸಿಕ್ಕಿದ್ದೆಲ್ಲ ಒಳಗೆ. ಅಂಬಾಸಡರಿನ ಎಂಜಿನ್ನು ಬ್ಲಾಕಿನಿಂದ ಹೆಡ್ಡಿನವರೆಗೆ ಎರಕದ ಕಬ್ಬಿಣ, ರೇಡಿಯೇಟರು ತಾಮ್ರ-ಹಿತ್ತಾಳೆಯದ್ದು. ದಪ್ಪ ಗೋಡೆ, ಅಗಲ ದಾರಿ. ತುಕ್ಕು ಹಿಡಿದರೂ ತಿಂದು ಮುಗಿಸಲು ವರ್ಷಗಟ್ಟಲೆ ಬೇಕಿತ್ತು. ಇಂದಿನ ಗಾಡಿಯ ಹೆಡ್ಡು ಅಲ್ಯೂಮಿನಿಯಂ, ರೇಡಿಯೇಟರು ಅಲ್ಯೂಮಿನಿಯಂ, ಅನೇಕ ಗಾಡಿಗಳಲ್ಲಿ ಬ್ಲಾಕೂ ಅದೇ. ರೇಡಿಯೇಟರಿನ ನಾಳಗಳ ಗೋಡೆ ತೆಳ್ಳಗೆ, ಒಳದಾರಿ ಕಿರಿದು. ‘ನಮ್ಮಪ್ಪ ಮೂವತ್ತು ವರ್ಷ ಬರೀ ನೀರು ಹಾಕಿ ಓಡಿಸಿದರು’ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಅಪ್ಪ ಓಡಿಸಿದ್ದು ಬೇರೆ ಲೋಹದ ಗಾಡಿ.

ಇನ್ನು ಬಣ್ಣದ ಮಾತು. ಗ್ಲೈಕಾಲ್‌ಗೆ ಬಣ್ಣವಿಲ್ಲ. ನೀರಿಗೂ ಇಲ್ಲ. ತುಕ್ಕು ತಡೆಯಲು ಸೇರಿಸುವ ರಾಸಾಯನಿಕಗಳಿಗೂ ಹೇಳಿಕೊಳ್ಳುವಂಥ ಬಣ್ಣವಿಲ್ಲ. ಹಸಿರು, ನೀಲಿ, ಕೆಂಪು, ಗುಲಾಬಿ ಎಲ್ಲವೂ ಕಂಪನಿ ತನಗೆ ಬೇಕಾದಂತೆ ಸುರಿದ ಬಣ್ಣ. ಸೋರಿದರೆ ಗೊತ್ತಾಗಲಿ, ಯಾರೂ ಕುಡಿಯುವ ನೀರೆಂದು ತಿಳಿಯದಿರಲಿ ಎನ್ನುವುದು ಅದರ ಉಪಯೋಗ. ಇಂಥ ಜಾತಿಗೆ ಇಂಥ ಬಣ್ಣ ಎಂದು ಎಲ್ಲ ಕಂಪನಿಗಳನ್ನೂ ಕಟ್ಟಿಹಾಕುವ ನಿಯಮ ಇಲ್ಲ.

ಜಾತಿ ಇರುವುದು ಆ ತುಕ್ಕು ತಡೆಯುವ ಸಾಮಗ್ರಿಯಲ್ಲಿ. ಹಳೆಯ ಬಗೆಯದರಲ್ಲಿ ಸಿಲಿಕೇಟ್, ಫಾಸ್ಫೇಟ್‌ಗಳಂಥ ಲವಣಗಳಿರುತ್ತವೆ. ಅವು ಲೋಹದ ಮೇಲೆಲ್ಲ ಬೇಗನೆ ಪದರ ಕಟ್ಟುತ್ತವೆ, ಬೇಗನೆ ಖರ್ಚಾಗಿಯೂ ಹೋಗುತ್ತವೆ. ಆದ್ದರಿಂದ ಎರಡು-ಮೂರು ವರ್ಷಕ್ಕೆ ಬದಲಿಸಬೇಕು. ಡಬ್ಬದ ಮೇಲೆ ಓ.ಎ.ಟಿ. ಎಂದು ಬರೆದಿರುವ ಬಗೆಯಲ್ಲಿ ಸಾವಯವ ಆಮ್ಲಗಳ ಲವಣಗಳಿರುತ್ತವೆ. ಇವು ಎಲ್ಲ ಕಡೆ ಹರಡಿ ಕೂರುವುದಿಲ್ಲ. ಎಲ್ಲಿ ಕೊರೆತ ಶುರುವಾಗುತ್ತದೋ ಅಲ್ಲಿಗೆ ಹೋಗಿ ಹಿಡಿಯುತ್ತವೆ. ಖರ್ಚು ನಿಧಾನ, ಬಾಳಿಕೆ ಐದು ವರ್ಷ ಅಥವಾ ಹೆಚ್ಚು. ಮೂರನೆಯದು ಇವೆರಡರ ಮಿಶ್ರತಳಿ, ಎಚ್.ಓ.ಎ.ಟಿ. ಇಂದಿನ ಬಹಳಷ್ಟು ಕಾರುಗಳಲ್ಲಿರುವುದು ಇದರದ್ದೇ ಒಂದಲ್ಲ ಒಂದು ಬಗೆ.

ಈ ಮಿಶ್ರತಳಿಯೊಳಗೆ ಎರಡು ಮನೆತನಗಳಿವೆ. ಜಪಾನ್, ಕೊರಿಯಾದವರು ಸಾಮಾನ್ಯವಾಗಿ ಫಾಸ್ಫೇಟ್ ಹಾಕುತ್ತಾರೆ, ಸಿಲಿಕೇಟ್ ಬಿಡುತ್ತಾರೆ. ಸಿಲಿಕೇಟಿನಿಂದ ವಾಟರ್ ಪಂಪಿನ ಸೀಲು ಸವೆಯುತ್ತದೆ ಎನ್ನುವುದು ಅವರ ಚಿಂತೆ. ಯುರೋಪಿನವರದು ಇದಕ್ಕೆ ನೇರ ಉಲ್ಟಾ: ಸಿಲಿಕೇಟ್ ಬೇಕು, ಫಾಸ್ಫೇಟ್ ಬೇಡ. ಕಾರಣ ಅವರ ನೀರು. ಯುರೋಪಿನ ಎಷ್ಟೋ ಕಡೆ ಗಡಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ ಜೊತೆ ಫಾಸ್ಫೇಟ್ ಸೇರಿದರೆ ಗಟ್ಟಿ ಹೊಪ್ಪಳಿಕೆ ಕಟ್ಟುತ್ತದೆ. ಜಪಾನಿನದು ಮೆದು ನೀರು, ಅವರಿಗೆ ಆ ತಲೆನೋವಿಲ್ಲ.

ಈಗ ಅಂಗಡಿಯ ಕಪಾಟಿನ ಮುಂದೆ ನಿಂತುಕೊಳ್ಳಿ. ಟೊಯೊಟಾದ ಸೂಪರ್ ಲಾಂಗ್ ಲೈಫ್ ಕೂಲಂಟ್ ಗುಲಾಬಿ ಬಣ್ಣದ್ದು. ಅದರಲ್ಲಿ ಫಾಸ್ಫೇಟ್ ಇದೆ, ಸಿಲಿಕೇಟ್ ಇಲ್ಲ. ಫೋಕ್ಸ್‌ವ್ಯಾಗನ್‌ನವರ ಜಿ 13 ಎಂಬುದು ನೇರಳೆಗೆ ತಿರುಗಿದ ಗುಲಾಬಿ. ಅದರಲ್ಲಿ ಸಿಲಿಕೇಟ್ ಇದೆ, ಫಾಸ್ಫೇಟ್ ಇಲ್ಲ. ಒಂದು ಬಿಡದಿಯಲ್ಲಿ ಕಾರ್ಖಾನೆಯಿರುವ ಕಂಪನಿ, ಇನ್ನೊಂದು ನಮ್ಮ ಪುಣೆ ಪಕ್ಕದ ಚಾಕಣದಲ್ಲಿರುವುದು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎರಡೂ ಒಂದೇ ಶರಬತ್ತು. ‘ಗುಲಾಬಿಗೆ ಗುಲಾಬಿ ಹಾಕಿದೆ’ ಎನ್ನುವವರು ಏನು ಹಾಕಿದರು ಎಂದು ಅವರಿಗೇ ಗೊತ್ತಿಲ್ಲ.

ಬೇರೆ ಬೇರೆ ಜಾತಿ ಬೆರೆತರೆ ತಕ್ಷಣ ಎಂಜಿನ್ ಕೆಡುತ್ತದೆಯೇ? ಇಲ್ಲ. ವಾಟ್ಸಾಪಿನಲ್ಲಿ ಓಡಾಡುವ, ರೇಡಿಯೇಟರಿನಿಂದ ಲೋಳೆ ಸುರಿಯುವ ವಿಡಿಯೋಗಳಂತೆ ಪ್ರತಿ ಸಲ ಆಗುವುದಿಲ್ಲ. ಕೆಲವು ಜೋಡಿಗಳಲ್ಲಿ ಸಿಲಿಕೇಟ್ ಲೋಳೆಯಾಗಿ ಕೂರುವುದು ನಿಜ. ಆದರೆ ಹೆಚ್ಚಾಗಿ ಆಗುವುದು ಅದಕ್ಕಿಂತ ಸದ್ದಿಲ್ಲದ ನಷ್ಟ: ಐದು ವರ್ಷ ಬಾಳಬೇಕಾದದ್ದು ಎರಡೇ ವರ್ಷಕ್ಕೆ ಸತ್ವ ಕಳೆದುಕೊಳ್ಳುತ್ತದೆ, ನೀವು ಐದು ವರ್ಷದ ಲೆಕ್ಕದಲ್ಲೇ ಓಡಿಸುತ್ತಿರುತ್ತೀರಿ. ಗ್ಲೈಕಾಲ್ ಹಾಗೇ ಉಳಿದಿರುವುದರಿಂದ ಬಣ್ಣವೂ ಇರುತ್ತದೆ, ಸಾಂದ್ರತೆ ಅಳೆಯುವ ಮಾಪಕವೂ ಸರಿ ಎನ್ನುತ್ತದೆ. ಸವೆದಿರುವುದು ತುಕ್ಕು ತಡೆಯುವ ಶಕ್ತಿ ಮಾತ್ರ.

ಇನ್ನು ನೀರಿನ ವಿಚಾರ. ನನ್ನ ಮಟ್ಟಿಗೆ ಮಹಾನಗರದ ಕನ್ನಡಿಗರು ಕೂಲಂಟಿನ ಬ್ರ್ಯಾಂಡಿಗಿಂತ ಹೆಚ್ಚು ಯೋಚಿಸಬೇಕಾದದ್ದು ಇದರ ಬಗ್ಗೆ.

ಊರ ಮನೆಯ ಬಚ್ಚಲ ಹಂಡೆಯ ಒಳಗೆ ಕೈಯಾಡಿಸಿದವರಿಗೆ ಗೊತ್ತು, ಗಡಸು ನೀರಿನ ಊರಾದರೆ ತಳದಲ್ಲಿ ಬೆರಳುಗುರಿನಷ್ಟು ದಪ್ಪ ಸುಣ್ಣದಂಥ ಪದರ. ಆ ಪದರ ಬಂದ ಮೇಲೆ ಎಷ್ಟು ಸೌದೆ ಒಟ್ಟಿದರೂ ನೀರು ಬೇಗ ಕಾಯುವುದಿಲ್ಲ ಎಂದು ಮನೆಯ ಹೆಂಗಸರು ಬೈಯುತ್ತಿದ್ದರು. ಎಂಜಿನ್ನಿನೊಳಗೆ ಆಗುವುದೂ ಅದೇ, ಶಾಖ ಹೋಗುವ ದಿಕ್ಕು ಬೇರೆ. ಅಲ್ಲಿ ಬೆಂಕಿಯ ಶಾಖ ನೀರಿಗೆ ಹೋಗದು; ಇಲ್ಲಿ ಎಂಜಿನ್ನಿನ ಶಾಖ ಕೂಲಂಟಿಗೆ ಹೋಗದು. ವ್ಯತ್ಯಾಸವೆಂದರೆ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಬಹುದು, ಹೆಡ್ಡಿನ ಒಳದಾರಿಗೆ ಕೈ ಹೋಗುವುದಿಲ್ಲ.

ಮುಂಬೈಯವರು ಈ ವಿಷಯದಲ್ಲಿ ಅದೃಷ್ಟವಂತರು. ಭಾತ್ಸಾ, ವೈತರಣಾ, ತಾನಸಾ ಕೆರೆಗಳಿಂದ ಬರುವ ಮಳೆನೀರು ಮೆದು. ಆದರೆ ಚೆನ್ನೈ, ಹೈದರಾಬಾದಿನ ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ಲು, ಟ್ಯಾಂಕರು. ದ್ವಾರಕಾ, ನೋಯ್ಡಾ, ಗುರುಗ್ರಾಮದ ನೆಲದ ನೀರಿನ ಬಗ್ಗೆ ಅಲ್ಲಿಯವರಿಗೆ ನಾನು ಹೇಳಬೇಕಾದ್ದಿಲ್ಲ. ಪುಣೆಯಲ್ಲೂ ಖಡಕವಾಸಲಾ ನೀರು ತಲುಪದ ಹೊರವಲಯದ ಸೊಸೈಟಿಗಳದ್ದು ಟ್ಯಾಂಕರಿನ ಬಾಳು. ತೊಗರಿಬೇಳೆ ಬೇಯಲು ಕುಕ್ಕರು ಎಷ್ಟು ಸೀಟಿ ಹೊಡೆಯಬೇಕು, ಬಕೆಟ್ಟಿನ ಅಂಚಿಗೆ ಬಿಳಿ ಕಲೆ ಕಟ್ಟುತ್ತದೆಯೇ, ಗೀಸರಿನ ಕಾಯಿಲು ಎಷ್ಟು ವರ್ಷಕ್ಕೆ ಸುಡುತ್ತದೆ, ಇಷ್ಟು ನೋಡಿದರೆ ನಿಮ್ಮ ನೀರಿನ ಜಾತಕ ಗೊತ್ತಾಗುತ್ತದೆ. ಅಂಥ ನೀರಿಗೆ ಫಾಸ್ಫೇಟ್ ಇರುವ ಕೂಲಂಟ್ ಬೆರೆಸಿದರೆ, ಯುರೋಪಿನವರು ಯಾವುದಕ್ಕೆ ಹೆದರಿದರೋ ಅದನ್ನು ನಾವೇ ಕೈಯಾರೆ ಮಾಡಿದಂತೆ. ಅಂಥ ನೀರಿನಲ್ಲಿ ಕ್ಲೋರೈಡ್ ಕೂಡ ಹೆಚ್ಚಿದ್ದರೆ ಅಲ್ಯೂಮಿನಿಯಮ್ಮಿನಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳಿಸುತ್ತದೆ.

ಬೇಕಾದದ್ದು ಡಿಸ್ಟಿಲ್ಡ್ ವಾಟರ್ ಅಥವಾ ಡಿ.ಎಂ. ವಾಟರ್, ಬ್ಯಾಟರಿ ಅಂಗಡಿಯಲ್ಲಿ ಬ್ಯಾಟರಿ ನೀರು ಅಂತ ಕೇಳಿದರೆ ಕೊಡುತ್ತಾರೆ, ದುಬಾರಿಯೇನಲ್ಲ. ಬ್ಯಾಟರಿ ಆ್ಯಸಿಡ್ ಬೇರೆ, ಬ್ಯಾಟರಿ ನೀರು ಬೇರೆ, ಕೇಳುವಾಗ ಸರಿಯಾಗಿ ಕೇಳಿ. ಮನೆಯ ಆರ್.ಓ. ನೀರು ಬೋರ್ ನೀರಿಗಿಂತ ಎಷ್ಟೋ ಮೇಲು, ಆದರೂ ಅದರಲ್ಲಿ ಲವಣ ಉಳಿದಿರುತ್ತದೆ. ನೆಲ ಒರೆಸಲು ಬಕೆಟ್ಟಿನಲ್ಲಿ ಹಿಡಿದಿಡುತ್ತೇವಲ್ಲ, ಆರ್.ಓ. ಯಂತ್ರ ಹೊರಹಾಕುವ ನೀರು, ಅದಂತೂ ಖಂಡಿತ ಬೇಡ. ಯಂತ್ರ ಬೇರ್ಪಡಿಸಿದ ಲವಣವೆಲ್ಲ ಇರುವುದು ಅದರಲ್ಲೇ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನ ಬಗ್ಗೆಯೂ ಕೇಳುತ್ತಾರೆ. ಲವಣ ಕಡಿಮೆ ನಿಜ, ಆದರೆ ಧೂಳು, ಪಾಚಿ, ಕಾಯಿಲಿನ ಲೋಹದ ಅಂಶ ಸೇರಿರುತ್ತದೆ. ಗಿಡಕ್ಕೆ ಹಾಕಿ.

ನಮ್ಮ ಸೊಸೈಟಿಯಲ್ಲಿ ವಿಜಯಪುರ ಕಡೆಯವರೊಬ್ಬರಿದ್ದಾರೆ. ಐದು ವರ್ಷ ಓಡಿದ ಜಪಾನಿ ಕಂಪನಿಯ ಕಾರು ಕೊಂಡರು. ಕೂಲಂಟ್ ಕಡಿಮೆಯಾದಾಗಲೆಲ್ಲ ಹತ್ತಿರದ ಗ್ಯಾರೇಜಿನ ಹುಡುಗ ಗುಲಾಬಿ ಬಣ್ಣದ್ದೇ ಒಂದು ಕಾನ್ಸನ್‌ಟ್ರೇಟ್ ತಂದು, ಗ್ಯಾರೇಜಿನ ನಲ್ಲಿಯಿಂದ ಬೋರ್ ನೀರು ಹಿಡಿದು ಬೆರೆಸಿ ತುಂಬುತ್ತಿದ್ದ. ಎರಡು ವರ್ಷ ಏನೂ ಆಗಲಿಲ್ಲ. ಮೂರನೇ ಮೇ ತಿಂಗಳಲ್ಲಿ ಸೊಲ್ಲಾಪುರ ದಾಟಿ, ಧೂಳಖೇಡದ ಭೀಮಾ ಸೇತುವೆ ಹಿಂದೆ ಹಾಕಿ ಊರು ಇನ್ನೇನು ಬಂತು ಅನ್ನುವಾಗ ಕೆಂಪು ದೀಪ ಹೊತ್ತಿತು. ಮಧ್ಯಾಹ್ನದ ಹೊತ್ತು, ಗಾಡಿಯಲ್ಲಿ ವಯಸ್ಸಾದ ತಾಯಿ, ಎಲ್ಲೂ ಒಂದು ಮರವಿಲ್ಲ. ಢಾಬಾ ಸಿಗುವವರೆಗೆ ಹೋಗೋಣ ಎಂದು ನಾಲ್ಕಾರು ಕಿಲೋಮೀಟರ್ ಓಡಿಸಿದರು. ಹೆಡ್ಡು ಸೊಟ್ಟಗಾಯಿತು, ಗ್ಯಾಸ್ಕೆಟ್ ಹೋಯಿತು, ಎಂಜಿನ್ ಆಯಿಲು ಹಾಲು ಹಾಕಿದ ಚಹಾದಂತಾಯಿತು. ತಾಯಿಯನ್ನು ಬೇರೆ ಗಾಡಿಯಲ್ಲಿ ಕಳಿಸಿ, ಇವರು ಟೋಯಿಂಗ್ ಟ್ರಕ್ಕಿನಲ್ಲಿ ಊರು ಸೇರಿದರು. ಬಿಲ್ಲು 60 ಸಾವಿರ ದಾಟಿತು. ಬಿಚ್ಚಿ ತಂದ ಹಳೇ ರೇಡಿಯೇಟರನ್ನು ನನಗೆ ತೋರಿಸಿದರು. ನಾಳಗಳ ಬಾಯಲ್ಲಿ ಕೆನೆಬಣ್ಣದ ಹೊಪ್ಪಳಿಕೆ, ಅರ್ಧಕ್ಕರ್ಧ ಮುಚ್ಚಿಹೋಗಿತ್ತು. ‘ಬಣ್ಣ ಅದ ಇತ್ತಲ್ರೀ ಸರ, ಮತ್ತ್ಯಾಕ ಹಿಂಗಾತು?’ ಎಂದು ಕೇಳಿದರು. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಇಂಥದ್ದೇ ಕೂಲಂಟ್, ಬೆರೆಸಿಯೇ ಬರುವುದು, ನೀರು ಸೇರಿಸಬೇಡಿ ಎಂದು ಇತ್ತು. ಸೆಕೆಂಡ್ ಹ್ಯಾಂಡ್ ಗಾಡಿಗೆ ಆ ಪುಸ್ತಕವೇ ಬಂದಿರಲಿಲ್ಲ.

ಆದ್ದರಿಂದ ಕೊಳ್ಳುವ ಕ್ರಮ. ಮೊದಲು ಪುಸ್ತಕ. ಕಳೆದುಹೋಗಿದ್ದರೆ ಬಹುತೇಕ ಕಂಪನಿಗಳ ವೆಬ್‌ಸೈಟಿನಲ್ಲಿ ಮಾಡೆಲ್ ಮತ್ತು ವರ್ಷ ಕೊಟ್ಟರೆ ಸಿಗುತ್ತದೆ. ಅದರಲ್ಲಿ ಕೂಲಂಟಿನ ಹೆಸರೋ ಸಂಕೇತವೋ ಇರುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ ಟಿ.ಎಲ್. 774 ಎಂದು ಬರೆದು ಮುಂದೆ ಒಂದು ಅಕ್ಷರ. ಆ ಕೊನೆಯ ಅಕ್ಷರದಲ್ಲೇ ಎಲ್ಲ ಇದೆ. ಹ್ಯುಂಡೈ ಪುಸ್ತಕಗಳಲ್ಲಿ ಫಾಸ್ಫೇಟ್ ಇರುವ ಎಥಿಲೀನ್ ಗ್ಲೈಕಾಲ್ ಕೂಲಂಟ್ ಎಂದು ಬಿಡಿಸಿಯೇ ಹೇಳಿರುತ್ತಾರೆ. ಆ ಸಂಕೇತವನ್ನು ಡಬ್ಬದ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಹುಡುಕಿ. ಐ.ಎಸ್. 5759, ಜೆ.ಐ.ಎಸ್. ಕೆ 2234, ಎ.ಎಸ್.ಟಿ.ಎಂ. ಡಿ 3306 ಮುಂತಾದವೂ ಅಲ್ಲಿರುತ್ತವೆ. ಅವು ಕನಿಷ್ಠ ಗುಣಮಟ್ಟದ ಗುರುತು, ಒಳ್ಳೆಯದೇ; ಆದರೆ ನಿಮ್ಮ ಗಾಡಿಗೆ ಹೊಂದುತ್ತದೆ ಎನ್ನುವ ಪ್ರಮಾಣಪತ್ರವಲ್ಲ. ‘ಎಲ್ಲ ಗಾಡಿಗೂ ಆಗುತ್ತದೆ’ ಎಂದು ಮುಂದೆ ದೊಡ್ಡದಾಗಿ ಬರೆದು ಹಿಂದೆ ಒಂದೂ ಸಂಕೇತ ಕೊಡದ ಡಬ್ಬ ನನಗಂತೂ ಬೇಡ. ಗೊಂದಲವಾದರೆ ಕಂಪನಿಯದ್ದೇ ಕೊಳ್ಳಿ. ಲೀಟರಿಗೆ ನೂರಿನ್ನೂರು ರೂಪಾಯಿ ಹೆಚ್ಚಾದೀತು. ಸಣ್ಣ ಕಾರಿಗೆ ಒಟ್ಟು ಬೇಕಾಗುವುದೇ ನಾಲ್ಕರಿಂದ ಆರು ಲೀಟರ್, ಅದೂ ವರ್ಷಗಳಿಗೊಮ್ಮೆ.

ಬೆರೆಸಿಯೇ ಬರುವುದನ್ನು ಕೊಂಡರೆ ನೀರಿನ ರಗಳೆಯೇ ಇಲ್ಲ. ಮೆಟ್ರೋ ನಗರದವರಿಗೆ ನನ್ನ ಸಲಹೆ ಅದೇ. ಕಾನ್ಸನ್‌ಟ್ರೇಟ್ ತಂದರೆ ಪ್ರಮಾಣ ನೋಡಿ. ಕೆಲವು ಡಬ್ಬಗಳಲ್ಲಿ ಒಂದು ಪಾಲಿಗೆ ಮೂರು ಪಾಲು ನೀರು ಎಂದಿರುತ್ತದೆ, ಪುಸ್ತಕದಲ್ಲಿ ಅರ್ಧಕ್ಕರ್ಧ ಎಂದಿರುತ್ತದೆ. ಪುಸ್ತಕದ ಮಾತೇ ಮಾತು. ಹಾಗೆಂದು ನೀರೇ ಹಾಕದೆ ಪೂರ್ತಿ ಕಾನ್ಸನ್‌ಟ್ರೇಟ್ ಸುರಿಯುವ ಉದಾರಿಗಳೂ ಇದ್ದಾರೆ. ಶಾಖ ಹೊರುವುದರಲ್ಲಿ ಗ್ಲೈಕಾಲ್‌ಗಿಂತ ನೀರೇ ಗಟ್ಟಿಗ. ಗ್ಲೈಕಾಲ್ ಹೆಚ್ಚಾದಷ್ಟೂ ಎಂಜಿನ್ ಬಿಸಿ. ಹೆಪ್ಪುಗಟ್ಟುವ ವಿಷಯದಲ್ಲೂ ಅಷ್ಟೇ: ನೀರಿಲ್ಲದ ಗ್ಲೈಕಾಲ್ ಸೊನ್ನೆಗಿಂತ 13 ಡಿಗ್ರಿ ಕೆಳಗೇ ಗಟ್ಟಿಯಾಗುತ್ತದೆ, ನೀರು ಬೆರೆತದ್ದು 37 ಡಿಗ್ರಿ ಕೆಳಗೆ ಹೋದರೂ ತಡೆಯುತ್ತದೆ.

ಒಳಗಿರುವುದು ಯಾವುದೆಂದೇ ಗೊತ್ತಿಲ್ಲದ ಹಳೇ ಗಾಡಿಯಾದರೆ ಮೇಲುಮೇಲೆ ತುಂಬುವ ಬದಲು ಪೂರ್ತಿ ಇಳಿಸಿ, ಡಿ.ಎಂ. ನೀರಿನಿಂದ ಎರಡು-ಮೂರು ಸಲ ತೊಳೆಸಿ, ಹೊಸದು ಹಾಕಿಸಿ. ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿದ ಮಾತ್ರಕ್ಕೆ ಎಲ್ಲ ಇಳಿಯುವುದಿಲ್ಲ, ಬ್ಲಾಕಿನೊಳಗೆ ಸಾಕಷ್ಟು ಉಳಿದಿರುತ್ತದೆ. ತುಂಬಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಸುವುದನ್ನೂ ಮರೆಯಬೇಡಿ. ಮತ್ತೆ ಮತ್ತೆ ಮಟ್ಟ ಇಳಿಯುತ್ತಿದ್ದರೆ ಅದು ತುಂಬುವ ವಿಷಯವಲ್ಲ, ಸೋರುವ ವಿಷಯ. ಹೋಸು, ವಾಟರ್ ಪಂಪು, ಮುಚ್ಚಳ ನೋಡಿಸಿ.

ದ್ವಾರಕಾದ ದಂಪತಿಗೆ: ಜೂನಿನಲ್ಲಿ ಹೋಗುವುದಾದರೆ ಮೂರರಲ್ಲಿ ಒಂದು ಪಾಲು ಗ್ಲೈಕಾಲ್ ಇದ್ದರೂ ಸೊನ್ನೆಗಿಂತ 18 ಡಿಗ್ರಿ ಕೆಳಗಿನವರೆಗೆ ತಡೆಯುತ್ತದೆ, ಸಾಕು. ಜನವರಿಯಲ್ಲಾದರೆ ಸಾಲದು. ದ್ರಾಸ್‌ನ ಚಳಿಗಾಲದ ರಾತ್ರಿಗಳು ಅದಕ್ಕಿಂತ ಕೆಳಗಿಳಿಯುತ್ತವೆ, ಅರ್ಧಕ್ಕರ್ಧ ಇರಲೇಬೇಕು. ಆ ಚಳಿಯಲ್ಲಿ ಡೀಸೆಲ್ಲೂ ಮೇಣದಂತೆ ಗಟ್ಟಿಯಾಗುತ್ತದೆ, 2019ರಲ್ಲಿ ಇಂಡಿಯನ್ ಆಯಿಲ್ ಲಡಾಖಿಗೆಂದೇ ಬೇರೆ ಡೀಸೆಲ್ ತಂದದ್ದು ಇದಕ್ಕೇ. ಬೇಸಗೆಯಲ್ಲಿ ನಿಮಗೆ ಹೆಚ್ಚು ಕಾಡುವುದು ಎತ್ತರ. 3,500 ಮೀಟರ್ ಎತ್ತರದ ಲೇಹ್‌ನಲ್ಲಿ ತೆರೆದ ನೀರು 88 ಡಿಗ್ರಿಗೇ ಕುದಿಯುತ್ತದೆ. ದೆಹಲಿಯಲ್ಲಿ ಹೇಗೋ ಸಾಗುತ್ತಿದ್ದ ಸಡಿಲ ಮುಚ್ಚಳ ಅಲ್ಲಿಯ ಏರಿನಲ್ಲಿ ಕೈಕೊಡುತ್ತದೆ. ಹೊರಡುವ ಮೊದಲು ಹೊಸ ಮುಚ್ಚಳ ಹಾಕಿಸಿಕೊಳ್ಳಿ.

ದಾರಿಯಲ್ಲಿ ಬಿಸಿಯಾದರೆ? ಖಂಬಾಟಕಿಯಾಗಲಿ, ಅರಬೈಲ್ ಘಟ್ಟವಾಗಲಿ, ಮುಳ್ಳು ಏರತೊಡಗಿದ ಕೂಡಲೇ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ; ಬೆವರಿಳಿದರೂ ಚಿಂತೆಯಿಲ್ಲ, ಅದು ಎಂಜಿನ್ನಿನ ಶಾಖವನ್ನೇ ಒಳಗೆ ಎಳೆಯುತ್ತದೆ. ಈಗಿನ ಅನೇಕ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ದೀಪ ಮಾತ್ರ. ಕೆಂಪು ದೀಪ ಬಂದರೆ ಮುಂದಿನ ನೆರಳು, ಮುಂದಿನ ಢಾಬಾ ಎನ್ನದೆ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ. ಮುಚ್ಚಳಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಕೈ ಹಾಕಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದು. ಆರಿದ ಮೇಲೆ ಬೇರೇನೂ ಸಿಗದಿದ್ದರೆ ಬಾಟಲಿ ನೀರೇ ಹಾಕಿ, ಖಾಲಿ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು. ಊರು ಸೇರಿದ ಮೇಲೆ ಇಳಿಸಿ ಸರಿಯಾದದ್ದು ತುಂಬಿಸಿ.

ಕೊನೆಯದಾಗಿ, ಮನೆಯಲ್ಲಿ ಮಕ್ಕಳಿರುವವರು ಇದನ್ನು ಓದಲೇಬೇಕು. ಎಥಿಲೀನ್ ಗ್ಲೈಕಾಲ್ ಸಿಹಿ. ಸಿಹಿಯಾದ ವಿಷ. ಹೊಟ್ಟೆ ಸೇರಿದ ಮೇಲೆ ಅದು ಆಕ್ಸಾಲಿಕ್ ಆಮ್ಲವಾಗಿ ಮಾರ್ಪಟ್ಟು ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ದೊಡ್ಡವರಿಗೇ ಒಂದು ಸಣ್ಣ ಲೋಟದಷ್ಟು ಪ್ರಾಣಕ್ಕೆ ಎರವಾಗಬಹುದು. ಮಗುವಿಗೆ, ಬೆಕ್ಕಿಗೆ, ನಾಯಿಗೆ ಅದಕ್ಕಿಂತ ಬಹಳ ಕಡಿಮೆ ಸಾಕು. ಮಿಕ್ಕ ಕೂಲಂಟನ್ನು ಬಿಸ್ಲೇರಿ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ಹಾಕಿ ಬಾಲ್ಕನಿಯಲ್ಲಿಡುವ ಅಭ್ಯಾಸ ನಮ್ಮ ಮನೆಗಳಲ್ಲಿದೆ. ಗುಲಾಬಿ ಬಣ್ಣ, ಸಿಹಿ ರುಚಿ, ಪರಿಚಿತ ಬಾಟಲಿ. ಮಗುವಿಗೆ ಇನ್ನೇನು ಬೇಕು? ಅದರ ಡಬ್ಬದಲ್ಲೇ, ಬೀಗದೊಳಗೆ ಇಡಿ. ಯಾರಾದರೂ ಕುಡಿದರೆಂಬ ಅನುಮಾನ ಬಂದರೂ ಲಕ್ಷಣಕ್ಕೆ ಕಾಯದೆ, ಡಬ್ಬ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ. ಇದಕ್ಕೆ ಮದ್ದುಂಟು, ಬೇಗ ಕೊಟ್ಟರೆ ಮಾತ್ರ. ಪಾರ್ಕಿಂಗಿನಲ್ಲಿ ಸೋರಿದ್ದನ್ನು ಹಾಗೇ ಬಿಡದೆ ಮರಳು ಹಾಕಿ ಬಳಿದು, ಆಮೇಲೆ ನೀರಿನಿಂದ ತೊಳೆಯಿರಿ. ಸೊಸೈಟಿಯ ಬೆಕ್ಕುಗಳು ನೆಕ್ಕುವುದು ಅಲ್ಲೇ. ಇಳಿಸಿದ ಹಳೇ ಕೂಲಂಟನ್ನು ಮಳೆನೀರಿನ ಮೋರಿಗೆ ಸುರಿಯಬೇಡಿ, ಹಳೇ ಎಂಜಿನ್ ಆಯಿಲ್ ಸಂಗ್ರಹಿಸುವ ಸರ್ವಿಸ್ ಸೆಂಟರಿನಲ್ಲಿ ಕೇಳಿನೋಡಿ. ಆದರೆ ಆಯಿಲಿನ ಡಬ್ಬಕ್ಕೇ ಸುರಿದು ಕೊಡಬೇಡಿ, ಎರಡೂ ಬೆರೆತರೆ ಅವರೂ ತೆಗೆದುಕೊಳ್ಳುವುದಿಲ್ಲ.